ಗಾಜಿನಲ್ಲಿ ಅಡಗಿದ ಗಂಧಕ: ಹೋಲಿಸಲು ಸರಿಯಾದ ರೋಹಿತ ಎಲ್ಲಿ ಸಿಗುತ್ತದೆ?

ಜ್ವಾಲಾಮುಖಿಯಿಂದ ಚಿಮ್ಮಿದ ಲಾವಾ ನೀರಿಗೋ ಗಾಳಿಗೋ ಸಿಕ್ಕಿ ತಟ್ಟನೆ ತಣ್ಣಗಾದರೆ, ಹರಳುಗಟ್ಟಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಹಾಗೇ ಗಾಜಾಗಿಬಿಡುತ್ತದೆ. ನಮ್ಮ ಕಿಟಕಿಯ ಗಾಜಿನಂತೆ ಇದೂ ಸಿಲಿಕೇಟ್ ಗಾಜೇ. ಕಬ್ಬಿಣ ಜಾಸ್ತಿ ಇರುವುದರಿಂದ ಕಪ್ಪಗಿರುತ್ತದೆ ಅಷ್ಟೇ. ಸಾಸಿವೆ ಕಾಳಿನಷ್ಟು ಚೂರು ಸಾಕು, ಭೂಮಿಯ ಒಳಗಿನ ಎಷ್ಟೋ ಸುದ್ದಿ ಅದರಲ್ಲಿರುತ್ತದೆ. ಗಂಧಕದ ಸುದ್ದಿಯೂ ಅದರಲ್ಲೊಂದು.

ಗಂಧಕ ಎಷ್ಟಿದೆ ಅಂತ ತಿಳಿಯುವುದು ಈಗ ದೊಡ್ಡ ಕೆಲಸವಲ್ಲ. ಎಲೆಕ್ಟ್ರಾನ್ ಮೈಕ್ರೊಪ್ರೋಬ್ ಎಂಬ ಉಪಕರಣ ಕೆಲವು ನಿಮಿಷದಲ್ಲಿ ಹೇಳಿಬಿಡುತ್ತದೆ. ಕಷ್ಟದ ಪ್ರಶ್ನೆ ಬೇರೆ. ಆ ಗಂಧಕ ಯಾವ ವೇಷದಲ್ಲಿದೆ?

ಗಂಧಕದ ಪರಮಾಣು ಎರಡು ಎಲೆಕ್ಟ್ರಾನ್ ಪಡೆದುಕೊಂಡು ಸಲ್ಫೈಡ್ ಆಗಬಹುದು. ಇಲ್ಲವೇ ಆರು ಎಲೆಕ್ಟ್ರಾನ್ ಬಿಟ್ಟುಕೊಟ್ಟು, ನಾಲ್ಕು ಆಕ್ಸಿಜನ್‌ಗಳ ನಡುವೆ ಕೂತು ಸಲ್ಫೇಟ್ ಆಗಬಹುದು. ಎರಡರ ನಡುವೆ ಎಂಟು ಎಲೆಕ್ಟ್ರಾನ್‌ಗಳ ಅಂತರ. ಇಷ್ಟು ಉದ್ದ ಜಿಗಿಯುವ ಮೂಲವಸ್ತು ಶಿಲಾಪಾಕದಲ್ಲಿ ಇನ್ನೊಂದು ಸಿಗುವುದು ಕಷ್ಟ.

ವೇಷ ಬದಲಾದರೆ ಏನಾಯಿತು ಅನ್ನಬಹುದು. ಬಹಳ ಆಗುತ್ತದೆ. ಸಲ್ಫೈಡ್ ರೂಪದಲ್ಲಾದರೆ ಬಸಾಲ್ಟ್ ಶಿಲಾಪಾಕ ಸುಮಾರು 1,000ದಿಂದ 1,500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ಗಂಧಕವನ್ನಷ್ಟೇ ಕರಗಿಸಿಕೊಳ್ಳಬಲ್ಲದು. ಅದಕ್ಕಿಂತ ಹೆಚ್ಚಾದದ್ದು ಕಬ್ಬಿಣದ ಸಲ್ಫೈಡ್ ಹನಿಗಳಾಗಿ ಬೇರೆಯಾಗುತ್ತದೆ. ಆ ಹನಿಗಳು ತಾಮ್ರ, ಚಿನ್ನವನ್ನೂ ತಮ್ಮೊಳಗೆ ಎಳೆದುಕೊಂಡು ಕೆಳಗಿಳಿಯುತ್ತವೆ. ಸಲ್ಫೇಟ್ ಆದರೆ ಅದೇ ಪಾಕದಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು, ಅಂದರೆ ಶೇ 1.5ರ ಹತ್ತಿರ ಗಂಧಕ ಕರಗಿರಬಹುದು. ತಾಮ್ರ, ಚಿನ್ನ ಕೆಳಗೆ ಸಿಕ್ಕಿಬೀಳದೆ ಮೇಲಿನವರೆಗೂ ಬರುತ್ತವೆ. ಜಗತ್ತಿನ ದೊಡ್ಡ ತಾಮ್ರದ ಗಣಿಗಳಲ್ಲಿ ಹಲವು ಇಂಥ ಸಲ್ಫೇಟ್ ಭರಿತ ಪಾಕದ ಕೊಡುಗೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಆಕಾಶಕ್ಕೆ ಹೋಯಿತು. ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಅದರ ಕಲ್ಲುನೊರೆಯಲ್ಲಿ ಅನ್‌ಹೈಡ್ರೈಟ್, ಅಂದರೆ ಕ್ಯಾಲ್ಸಿಯಂ ಸಲ್ಫೇಟಿನ ಹರಳು ಸಿಕ್ಕಿತು. ಅಲ್ಲಿಯ ಗಂಧಕ ಯಾವ ವೇಷದಲ್ಲಿತ್ತು ಅಂತ ಆ ಹರಳೇ ಹೇಳಿತು. ಆದರೆ ಎಲ್ಲ ಜ್ವಾಲಾಮುಖಿಯೂ ಹೀಗೆ ಸುಲಭದ ಸಾಕ್ಷಿ ಬಿಟ್ಟುಹೋಗುವುದಿಲ್ಲ. ಆಗ ಗಾಜನ್ನೇ ಕೇಳಬೇಕು.

ಕೇಳುವ ಬಗೆ

ಗಂಧಕದ ಪರಮಾಣುವಿನ ತೀರಾ ಒಳಮನೆಯಲ್ಲಿ ಎರಡು ಎಲೆಕ್ಟ್ರಾನ್ ಕೂತಿರುತ್ತವೆ. ಅವುಗಳಲ್ಲಿ ಒಂದನ್ನು ಎಬ್ಬಿಸಿ ಹೊರಗಿನ ಖಾಲಿ ಜಾಗಕ್ಕೆ ಕಳಿಸಲು ಸುಮಾರು 2,470 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್‌ರೇ ಬೇಕು. ಎಲೆಕ್ಟ್ರಾನ್ ವೋಲ್ಟ್ ಅಂತ ಪ್ರತಿ ಸಲ ಬರೆಯುವುದು ಉದ್ದವಾಗುತ್ತದೆ, ಇಲ್ಲಿಂದ ಮುಂದೆ ಇವಿ ಅನ್ನುತ್ತೇನೆ. ಎಕ್ಸ್‌ರೇಯ ಶಕ್ತಿಯನ್ನು ಚೂರು ಚೂರೇ ಏರಿಸುತ್ತ ಹೋಗಿ, ಪ್ರತಿ ಮೆಟ್ಟಿಲಲ್ಲೂ ಗಾಜು ಎಷ್ಟು ಹೀರಿಕೊಂಡಿತು ಅಂತ ಬರೆದಿಟ್ಟರೆ ಒಂದು ಗೆರೆ ಸಿಗುತ್ತದೆ. ಮೊದಲು ಚಪ್ಪಟೆ. ಆಮೇಲೆ ತಟ್ಟನೆ ಏರು, ಒಂದೋ ಎರಡೋ ಶಿಖರ, ನಂತರ ಮೆಲ್ಲಗೆ ಅಲೆಯುತ್ತ ಹೋಗುವ ಬಯಲು. ಇದೇ ಹೀರಿಕೆಯ ರೋಹಿತ, ಅಂದರೆ ಸ್ಪೆಕ್ಟ್ರಮ್. ಈ ವಿಧಾನಕ್ಕೆ ಇರುವ ಉದ್ದ ಹೆಸರನ್ನು ಚಿಕ್ಕದು ಮಾಡಿ ವಿಜ್ಞಾನಿಗಳು ಝೇನ್ಸ್ ಅಂತ ಕರೆಯುತ್ತಾರೆ.

ಪರಮಾಣು ಹೊರಗಿನ ಎಲೆಕ್ಟ್ರಾನ್ ಕಳೆದುಕೊಂಡಷ್ಟೂ ಒಳಗಿನವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಎಬ್ಬಿಸಲು ಜಾಸ್ತಿ ಶಕ್ತಿ ಬೇಕು, ಶಿಖರ ಬಲಕ್ಕೆ ಸರಿಯುತ್ತದೆ. ಪೈರೋಟೈಟ್ ಎಂಬ ಕಬ್ಬಿಣದ ಸಲ್ಫೈಡ್ ಖನಿಜದ ಮೊದಲ ಶಿಖರ 2,470 ಇವಿಯ ಆಸುಪಾಸಿನಲ್ಲಿ. ಸಲ್ಫೇಟಿನ ಶಿಖರ 2,482ರ ಆಸುಪಾಸಿನಲ್ಲಿ. ನಡುವೆ 12 ಇವಿ. ಕಬ್ಬಿಣದ ಎರಡು ರೂಪಗಳನ್ನು ಇದೇ ವಿಧಾನದಲ್ಲಿ ಬೇರ್ಪಡಿಸಲು ಒಂದೆರಡು ಇವಿ ಸರಿತವನ್ನು ಹಿಡಿದು ಹೆಣಗುವವರಿಗೆ ಗಂಧಕದ ಈ ಧಾರಾಳತನ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಈ ಶಕ್ತಿಯ ಎಕ್ಸ್‌ರೇ ಮೆತ್ತಗಿನದು. ಕೆಲವು ಸೆಂಟಿಮೀಟರ್ ಗಾಳಿಯೇ ಅದನ್ನು ತಡೆದುಬಿಡುತ್ತದೆ. ಅದಕ್ಕೇ ಮಾದರಿಯನ್ನು ನಿರ್ವಾತದಲ್ಲೋ ಹೀಲಿಯಂ ತುಂಬಿದ ಪೆಟ್ಟಿಗೆಯಲ್ಲೋ ಇಡುತ್ತಾರೆ. ಗಾಜಿನೊಳಗೂ ಅದು ಇಳಿಯುವುದು ಕೆಲವೇ ಮೈಕ್ರೊಮೀಟರ್. ಜೊತೆಗೆ ಬೆಳಕು ಬಲು ಪ್ರಖರವಾಗಿರಬೇಕು, ಶಕ್ತಿಯನ್ನು ಬೇಕಾದಂತೆ ಬದಲಾಯಿಸಲು ಬರಬೇಕು. ಇವೆಲ್ಲ ಸೇರಿ, ಎಲೆಕ್ಟ್ರಾನ್‌ಗಳನ್ನು ಸುತ್ತು ಓಡಿಸಿ ಪ್ರಖರ ಎಕ್ಸ್‌ರೇ ಹೊರಡಿಸುವ ಬೃಹತ್ ಯಂತ್ರ, ಅಂದರೆ ಸಿಂಕ್ರೊಟ್ರಾನ್‌ಗೇ ಹೋಗಬೇಕಾಗುತ್ತದೆ. ನಮ್ಮ ಇಂದೋರಿನಲ್ಲಿ ಇಂಡಸ್-2 ಇದೆ. ಆದರೆ ಅಲ್ಲಿ ಹೀರಿಕೆ ರೋಹಿತಕ್ಕೆಂದು ಹೆಸರಾದ, ಕಿರಣವನ್ನು ಮಾದರಿಯವರೆಗೆ ತರುವ ಬೀಮ್‌ಲೈನ್‌ಗಳನ್ನು ಕಟ್ಟಿರುವುದು ಕಬ್ಬಿಣ, ತಾಮ್ರದಂಥವುಗಳ ಹೆಚ್ಚಿನ ಶಕ್ತಿಗೆ. ಗಾಜಿನ ಗಂಧಕಕ್ಕೆ ಹೆಸರಾದ ಜಾಗಗಳೆಂದರೆ ಫ್ರಾನ್ಸಿನ ಗ್ರೆನೋಬಲ್‌ನ ಇಎಸ್‌ಆರ್‌ಎಫ್, ಶಿಕಾಗೋ ಹತ್ತಿರದ ಎಪಿಎಸ್, ಇಂಥವು. ಅಲ್ಲಿ ಸಮಯ ಬೇಕೆಂದರೆ ಅರ್ಜಿ ಹಾಕಬೇಕು, ಸಿಕ್ಕರೆ ಎರಡು ಮೂರು ದಿನ. ಆ ದಿನಗಳಲ್ಲಿ ನಿದ್ದೆ ಕಡಿಮೆ, ಕಾಫಿ ಜಾಸ್ತಿ.

ಕಾಫಿಯ ಲೆಕ್ಕ

ಕಾಫಿ ಅಂದ ಮೇಲೆ ಅಲ್ಲಿಂದಲೇ ಹೇಳುತ್ತೇನೆ. ಒಂದು ಲೋಟ ಫಿಲ್ಟರ್ ಕಾಫಿ ಕೊಟ್ಟು, ಇದರಲ್ಲಿ ಡಿಕಾಕ್ಷನ್ ಎಷ್ಟು, ಹಾಲೆಷ್ಟು ಅಂತ ಬಣ್ಣ ನೋಡಿ ಹೇಳಿ ಅಂದರೆ ಏನು ಮಾಡುತ್ತೀರಿ? ಬರೀ ಡಿಕಾಕ್ಷನ್ ಬಣ್ಣ ಗೊತ್ತಿರಬೇಕು, ಬರೀ ಹಾಲಿನ ಬಣ್ಣ ಗೊತ್ತಿರಬೇಕು. ಎರಡನ್ನೂ ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಯಾವ ಅಳತೆಗೆ ಈ ಲೋಟದ ಬಣ್ಣ ಬರುತ್ತದೆ ಅಂತ ನೋಡಬೇಕು. ಝೇನ್ಸ್ ಮಾಡುವವರೂ ಇದನ್ನೇ ಮಾಡುತ್ತಾರೆ. ಬರೀ ಸಲ್ಫೈಡಿನ ರೋಹಿತಕ್ಕೆ ಇಷ್ಟು ಪಾಲು, ಬರೀ ಸಲ್ಫೇಟಿನ ರೋಹಿತಕ್ಕೆ ಇಷ್ಟು ಪಾಲು ಕೊಟ್ಟು ಕೂಡಿಸಿ, ತಮ್ಮ ಗಾಜಿನ ಗೆರೆಗೆ ಹೊಂದುತ್ತದಾ ಅಂತ ನೋಡುತ್ತಾರೆ. ಅಥೀನಾ, ಲಾರ್ಚ್ ಎಂಬ ಉಚಿತ ತಂತ್ರಾಂಶಗಳು ಈ ಕೂಡಿಸುವ ಲೆಕ್ಕವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಮಾಡಿಕೊಡುತ್ತವೆ.

ಲೆಕ್ಕ ಸುಲಭ. ಆ ಬರೀ ಡಿಕಾಕ್ಷನ್, ಬರೀ ಹಾಲು ಎಲ್ಲಿಂದ ತರುವುದು ಅನ್ನುವುದೇ ತಲೆನೋವು. ಹೋಲಿಸಲು ಇಟ್ಟುಕೊಳ್ಳುವ ಈ ರೋಹಿತಗಳನ್ನು ರೆಫರೆನ್ಸ್ ಅನ್ನುತ್ತಾರೆ. ನಿಮ್ಮ ರೆಫರೆನ್ಸ್ ಡಿಕಾಕ್ಷನ್‌ನಲ್ಲಿ ಚಿಕೋರಿ ಇದ್ದು, ಲೋಟದಲ್ಲಿರುವುದು ಶುದ್ಧ ಕಾಫಿಯಾದರೆ ಉತ್ತರ ತಪ್ಪಾಗುತ್ತದೆ. ಆದರೂ ಉತ್ತರ ಬಂದೇ ಬರುತ್ತದೆ ನೋಡಿ, ಅದೇ ಅಪಾಯ. ತಂತ್ರಾಂಶ ಎಂದೂ "ನನಗೆ ಗೊತ್ತಾಗಲಿಲ್ಲ" ಅನ್ನುವುದಿಲ್ಲ. ಶೇ 38 ಸಲ್ಫೇಟ್ ಅಂತ ನೀಟಾಗಿ ಮುದ್ರಿಸಿ ಕೊಡುತ್ತದೆ.

ನಾನೂ ಶುರುವಿನಲ್ಲಿ ಈ ಹಳ್ಳಕ್ಕೆ ಬಿದ್ದವನೇ. ಸಲ್ಫೈಡ್ ಅಂದರೆ ಸಲ್ಫೈಡ್ ತಾನೇ ಅಂದುಕೊಂಡು, ಕೈಗೆ ಸಿಕ್ಕ ಪೈರೋಟೈಟಿನ ರೋಹಿತ ತಂದು ಬಸಾಲ್ಟ್ ಗಾಜಿಗೆ ಹೊಂದಿಸಲು ಕೂತೆ. ಅರ್ಧ ದಿನ ಹೋಯಿತು. ಗಾಜಿನಲ್ಲಿ 2,477ರ ಹತ್ತಿರ ಒಂದು ಅಗಲವಾದ ದಿಬ್ಬ ಇತ್ತು. ನನ್ನ ಪೈರೋಟೈಟಿನಲ್ಲಿ 2,470ರ ಹತ್ತಿರ ಚೂಪು ಶಿಖರ. ಎರಡೂ ಒಂದಕ್ಕೊಂದು ಮುಖ ಕೊಟ್ಟು ಮಾತಾಡಲೇ ಇಲ್ಲ.

ಕಾರಣ ಆಮೇಲೆ ತಿಳಿಯಿತು. ಖನಿಜದಲ್ಲಿ ಗಂಧಕದ ಸುತ್ತ ಕಬ್ಬಿಣದ ಪರಮಾಣುಗಳು ಸಾಲಾಗಿ, ಶಿಸ್ತಿನಲ್ಲಿ ಕೂತಿರುತ್ತವೆ. ಗಂಧಕದ ಹೊರ ಕಕ್ಷೆಯೂ ಕಬ್ಬಿಣದ ಅರೆಬರೆ ತುಂಬಿದ ಕಕ್ಷೆಗಳೂ ಒಂದರೊಳಗೊಂದು ಬೆರೆತುಕೊಳ್ಳುತ್ತವೆ. ಆ ಬೆರಕೆಯೇ 2,470ರ ಚೂಪು ಶಿಖರ. ಗಾಜಿನಲ್ಲಿ ಕರಗಿದ ಸಲ್ಫೈಡಿಗೆ ಅಂಥ ಶಿಸ್ತಿನ ನೆರೆಹೊರೆ ಇಲ್ಲ. ಒಂದಕ್ಕೆ ಪಕ್ಕದಲ್ಲಿ ಕಬ್ಬಿಣ, ಇನ್ನೊಂದಕ್ಕೆ ಕ್ಯಾಲ್ಸಿಯಂ, ಮತ್ತೊಂದಕ್ಕೆ ಮೆಗ್ನೀಸಿಯಂ, ದೂರವೂ ಬೇರೆ ಬೇರೆ. ಸಾವಿರ ಸ್ವಲ್ಪ ಸ್ವಲ್ಪ ಬೇರೆಯಾದ ಶಿಖರಗಳು ಒಂದರ ಮೇಲೊಂದು ಬಿದ್ದು ಅಗಲವಾದ ದಿಬ್ಬವಾಗುತ್ತದೆ.

ಇದರಿಂದ ಒಂದು ಲಾಭವೂ ಇದೆ. ನಿಮ್ಮ ಗಾಜಿನ ರೋಹಿತದಲ್ಲಿ ದಿಬ್ಬದ ಜೊತೆಗೆ 2,470ರಲ್ಲಿ ಚೂಪು ಶಿಖರವೂ ಕಾಣಿಸಿದರೆ, ಕಿರಣದ ದಾರಿಯಲ್ಲಿ ಎಲ್ಲೋ ಒಂದು ಸಲ್ಫೈಡ್ ಹನಿಯೋ ಹರಳೋ ಅಡಗಿದೆ ಅಂತ ಅನುಮಾನಿಸಬಹುದು. ಸೂಕ್ಷ್ಮದರ್ಶಕದಲ್ಲಿ ಕಾಣದಷ್ಟು ಚಿಕ್ಕದಿದ್ದರೂ ರೋಹಿತ ಹಿಡಿದುಕೊಡುತ್ತದೆ. ಅಂದರೆ ಪೈರೋಟೈಟಿನ ರೆಫರೆನ್ಸನ್ನು ಎಸೆಯಬೇಡಿ. ಗಾಜನ್ನು ಅಳೆಯಲು ಅದು ಬೇಡ, ಕಳ್ಳನನ್ನು ಗುರುತಿಸಲು ಬೇಕು.

ಸಲ್ಫೇಟಿನ ಕಥೆ ಪೂರ್ತಿ ಬೇರೆ. ಅಲ್ಲಿ ಗಂಧಕ ನಾಲ್ಕು ಆಕ್ಸಿಜನ್‌ಗಳ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಹೊರಗೆ ಕ್ಯಾಲ್ಸಿಯಂ ಇದ್ದರೇನು, ಸೋಡಿಯಂ ಇದ್ದರೇನು, ಮೊದಲ ದೊಡ್ಡ ಶಿಖರ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬರುತ್ತದೆ. ಶಿಖರದ ಆಚೆಗಿನ ಸಣ್ಣ ಏರಿಳಿತಗಳಲ್ಲಷ್ಟೇ ಜಿಪ್ಸಂ, ಅನ್‌ಹೈಡ್ರೈಟ್, ಗಾಜು ಒಂದರಿಂದೊಂದು ಬೇರೆಯಾಗುತ್ತವೆ. ಹಾಗಾಗಿ ಸಲ್ಫೇಟ್ ರೆಫರೆನ್ಸಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ತಡೆಯುತ್ತದೆ. ಸಲ್ಫೈಡಿನಲ್ಲಿ ತಡೆಯುವುದಿಲ್ಲ. ಹುಡುಕಲು ನಿಮಗೆ ಒಂದೇ ದಿನ ಇದ್ದರೆ, ಅದರಲ್ಲಿ ಮುಕ್ಕಾಲು ಭಾಗ ಸಲ್ಫೈಡಿಗೆ ಕೊಡಿ.

ಶಿಖರದ ಎತ್ತರ ನೋಡಿಯೂ ಮೋಸ ಹೋಗಬೇಡಿ. ಪರಮಾಣುವಿಗೆ ಪರಮಾಣು ಲೆಕ್ಕ ಹಾಕಿದರೆ ಸಲ್ಫೇಟಿನ ಶಿಖರ ಸಲ್ಫೈಡಿನ ದಿಬ್ಬಕ್ಕಿಂತ ಬಲು ಎತ್ತರ. ಒಂದು ಚಮಚ ಡಿಕಾಕ್ಷನ್ ಇಡೀ ಲೋಟದ ಹಾಲಿನ ಬಣ್ಣ ಕೆಡಿಸುವ ಹಾಗೆ, ಸ್ವಲ್ಪವೇ ಸಲ್ಫೇಟ್ ಇಡೀ ಗೆರೆಯ ಚಹರೆ ಬದಲಿಸಿಬಿಡುತ್ತದೆ.

ಗಾಜಿಗೆ ಗಾಜೇ ಸಾಟಿ

ಹಾಗಾದರೆ ಸರಿಯಾದ ರೆಫರೆನ್ಸ್ ಯಾವುದು? ನಿಮ್ಮ ಗಾಜಿನ ಹತ್ತಿರದ ಸಂಯೋಜನೆಯ ಇನ್ನೊಂದು ಗಾಜು. ಅದನ್ನು ಕುಲುಮೆಯಲ್ಲಿ ಬೇಕೆಂದೇ ಬೇಯಿಸಿರಬೇಕು. ಆಕ್ಸಿಜನ್ ತೀರಾ ಕಡಿಮೆ ಇಟ್ಟು ಒಂದು, ಧಾರಾಳವಾಗಿಟ್ಟು ಇನ್ನೊಂದು. ಮೊದಲನೆಯದರಲ್ಲಿ ಎಲ್ಲ ಗಂಧಕವೂ ಸಲ್ಫೈಡ್, ಎರಡನೆಯದರಲ್ಲಿ ಎಲ್ಲವೂ ಸಲ್ಫೇಟ್. ಈ ಎರಡು ತುದಿ ಸಿಕ್ಕರೆ ನಡುವಿನ ಯಾವ ಗಾಜನ್ನಾದರೂ ಅಳೆಯಬಹುದು.

ಇಂಥ ಕೆಲಸಗಳಲ್ಲಿ ಜನ ಮತ್ತೆ ಮತ್ತೆ ಎತ್ತಿಹೇಳುವುದು ಪೆಡ್ರೊ ಜುಗೊ, ಮ್ಯಾಕ್ಸ್ ವಿಲ್ಕೆ, ರೋಮನ್ ಬೊಟ್ಚಾರ್ನಿಕೊವ್ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಬಸಾಲ್ಟ್ ಗಾಜುಗಳನ್ನು ಬೇರೆ ಬೇರೆ ಆಕ್ಸಿಜನ್ ಮಟ್ಟದಲ್ಲಿ ಬೇಯಿಸಿ ಅವರು ಒಂದು ಸೂತ್ರ ಕೊಟ್ಟರು. ಭೂವಿಜ್ಞಾನಿಗಳು ಆಕ್ಸಿಜನ್ ಮಟ್ಟವನ್ನು ಎಫ್‌ಎಂಕ್ಯೂ ಎಂಬ ಖನಿಜಗಳ ಗುರುತುಗೆರೆಯಿಂದ ಅಳೆಯುತ್ತಾರೆ. ಮೇಲೆ ಒಂದು ಮೆಟ್ಟಿಲು ಅಂದರೆ ಆಕ್ಸಿಜನ್ ಹತ್ತು ಪಟ್ಟು. ಆ ಸೂತ್ರದ ಪ್ರಕಾರ, ಸರಿಯಾಗಿ ಗುರುತುಗೆರೆಯ ಮೇಲಿದ್ದರೆ ಒಟ್ಟು ಗಂಧಕದಲ್ಲಿ ಸಲ್ಫೇಟ್ ಶೇ 1ರ ಆಸುಪಾಸು. ಒಂದು ಮೆಟ್ಟಿಲು ಮೇಲೆ ಹೋದರೆ ಶೇ 44. ಎರಡು ಮೆಟ್ಟಿಲು ಮೇಲೆ ಶೇ 99. ಎರಡೇ ಮೆಟ್ಟಿಲಿನಲ್ಲಿ ಇಡೀ ವೇಷ ಬದಲು! ಶಾಖ, ಸಂಯೋಜನೆ ಬೇರೆಯಾದರೆ ಈ ಗೆರೆ ಆಚೀಚೆ ಸರಿಯುತ್ತದೆ ಅಂತ ಆಮೇಲಿನ ಕೆಲಸಗಳು ತೋರಿಸಿವೆ. ಆದರೂ ಇಷ್ಟು ಕಡಿದಾದ ಇಳಿಜಾರಿನಲ್ಲಿ ರೆಫರೆನ್ಸ್ ಸ್ವಲ್ಪ ತಪ್ಪಿದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ.

ಕಬ್ಬಿಣವೇ ಇಲ್ಲದ ಗಾಜಾದರೆ ಮತ್ತೆ ಬೇರೆ ಜೋಡಿ ಹುಡುಕಬೇಕು. ಬುಧ ಗ್ರಹದ ಮೇಲ್ಮೈಯಲ್ಲಿ ಶೇ 4ರವರೆಗೂ ಗಂಧಕ ಇದೆ ಅಂತ ಮೆಸೆಂಜರ್ ನೌಕೆ ತೋರಿಸಿತು, ಅಲ್ಲಿ ಕಬ್ಬಿಣ ತೀರಾ ಕಡಿಮೆ. ಅಂಥ ಪಾಕದಲ್ಲಿ ಗಂಧಕ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಜೋಡಿಯಾಗುತ್ತದೆ. ಅದನ್ನು ಅನುಕರಿಸಿ ಮಾಡಿದ ಗಾಜುಗಳಿಗೆ ಕ್ಯಾಲ್ಸಿಯಂ ಸಲ್ಫೈಡ್, ಮೆಗ್ನೀಸಿಯಂ ಸಲ್ಫೈಡ್ ರೋಹಿತಗಳು ಬೇಕು. ಹವಾಯಿಯ ಬಸಾಲ್ಟಿಗೆ ಕೂಡಿಬಂದ ಜೋಡಿ ಬುಧಕ್ಕೆ ಕೂಡಿಬರುವುದಿಲ್ಲ.

2,478ರ ಭೂತ

ಈ ಕ್ಷೇತ್ರದಲ್ಲಿ ನನಗೆ ತುಂಬ ಇಷ್ಟವಾದ ಕಥೆ ಇದು. ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಲವು ಜ್ವಾಲಾಮುಖಿ ಗಾಜುಗಳ ರೋಹಿತದಲ್ಲಿ ಸಲ್ಫೈಡ್ ದಿಬ್ಬಕ್ಕೂ ಸಲ್ಫೇಟ್ ಶಿಖರಕ್ಕೂ ನಡುವೆ, ಸುಮಾರು 2,478ರಲ್ಲಿ ಒಂದು ಪುಟ್ಟ ಶಿಖರ ಕಾಣಿಸಿತು. ರೆಫರೆನ್ಸ್ ಪಟ್ಟಿ ತೆಗೆದು ನೋಡಿದರೆ ಆ ಜಾಗದಲ್ಲಿ ಸೋಡಿಯಂ ಸಲ್ಫೈಟ್ ಕೂತಿತ್ತು. ಸಲ್ಫೈಡ್ ಅಲ್ಲ, ಸಲ್ಫೈಟ್. ನಾಲ್ಕು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಗಂಧಕ. ಸರಿ, ಶಿಲಾಪಾಕದಲ್ಲಿ ಮೂರನೆಯ ವೇಷವೂ ಇದೆ ಅಂತಾಯಿತು. ಅದರ ಮೇಲೆ ಮಾತುಕತೆ, ವಾದ, ಪ್ರಬಂಧ ಎಲ್ಲ ಶುರುವಾಯಿತು.

2008ರಲ್ಲಿ ವಿಲ್ಕೆ ಮತ್ತು ಸಂಗಡಿಗರು ಬೇರೆ ಪ್ರಶ್ನೆ ಕೇಳಿದರು. ಆ ಶಿಖರ ಮೊದಲಿಂದಲೂ ಇತ್ತಾ, ಇಲ್ಲಾ ನಾವು ನೋಡುತ್ತ ನೋಡುತ್ತ ಹುಟ್ಟಿತಾ? ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆದರೆ ಸಲ್ಫೇಟ್ ಶಿಖರ ತಗ್ಗುತ್ತ, 2,478ರ ಶಿಖರ ಬೆಳೆಯುತ್ತ ಹೋಗುತ್ತಿತ್ತು. ಅಳೆಯುವ ಕಿರಣವೇ ಸಲ್ಫೇಟನ್ನು ಕೆಡಿಸಿ ಸಲ್ಫೈಟ್ ಮಾಡುತ್ತಿತ್ತು. ಮೊದಲೇ ಎಲೆಕ್ಟ್ರಾನ್ ಮೈಕ್ರೊಪ್ರೋಬಿನಲ್ಲಿ ಸುಟ್ಟುಕೊಂಡ ಗಾಜಿನಲ್ಲೂ ಹೀಗೇ. ಗಂಧಕ ಎಷ್ಟಿದೆ ಅಂತ ಅಳೆದು, ಆಮೇಲೆ ಅದೇ ಜಾಗದಲ್ಲಿ ವೇಷ ನೋಡಲು ಹೋದವರು ತಾವೇ ಮಾಡಿದ ಗಾಯವನ್ನು ಪ್ರಕೃತಿಯ ಗುರುತು ಅಂದುಕೊಂಡಿದ್ದರು.

ರೆಫರೆನ್ಸ್ ಇಲ್ಲಿ ಸುಳ್ಳು ಹೇಳಲಿಲ್ಲ ಅನ್ನುವುದನ್ನು ಗಮನಿಸಿ. ಆ ಶಿಖರ ನಿಜಕ್ಕೂ ಸಲ್ಫೈಟೇ. ಅದು ಎಲ್ಲಿಂದ ಬಂತು ಅಂತ ಹೇಳುವ ಕೆಲಸ ರೆಫರೆನ್ಸಿನದಲ್ಲ. ಈಗ ಎಲ್ಲರೂ ಕಿರಣವನ್ನು ಅಗಲ ಮಾಡಿ, ಮಂಕು ಮಾಡಿ, ಪ್ರತಿ ಸಲ ಹೊಸ ಜಾಗದಲ್ಲಿ ಬೇಗ ಬೇಗ ಅಳೆಯುತ್ತಾರೆ. ಹೀಗಾಗಿ ಗಾಜಿನ ಹಳೆಯ ರೋಹಿತವನ್ನು ರೆಫರೆನ್ಸ್ ಆಗಿ ಎತ್ತಿಕೊಳ್ಳುವಾಗ ಮೊದಲು 2,478ನ್ನು ನೋಡಿ. ಸಲ್ಫೈಡಿನ ಅಗಲ ದಿಬ್ಬವಲ್ಲದೆ ಅಲ್ಲಿ ಬೇರೆ ಪುಟ್ಟ ಶಿಖರ ಕಂಡರೆ ಅದು ನೊಂದ ಗಾಜು, ಬಿಟ್ಟುಬಿಡಿ.

ಶ್ರುತಿ ಸೇರದಿದ್ದರೆ

ಇಬ್ಬರು ಒಂದೇ ರಾಗ ಹಾಡುತ್ತಾರೆ, ಶ್ರುತಿ ಬೇರೆ. ಎರಡು ಧ್ವನಿಮುದ್ರಣವನ್ನು ಒಟ್ಟಿಗೆ ಹಾಕಿದರೆ ಕಿವಿ ಮುಚ್ಚಿಕೊಳ್ಳಬೇಕು. ರೋಹಿತಗಳದ್ದೂ ಇದೇ ಪಾಡು. ಪ್ರತಿ ಬೀಮ್‌ಲೈನಿನ ಶಕ್ತಿಯ ಅಳತೆಪಟ್ಟಿ ಒಂದಿಷ್ಟು ಆಚೀಚೆ ಇರುತ್ತದೆ. ಗೊತ್ತಿರುವ ಯಾವುದೋ ವಸ್ತುವನ್ನು ಅಳೆದು, ಅದರ ಶಿಖರವನ್ನು ಒಪ್ಪಿದ ಅಂಕಿಗೆ ಕೂರಿಸಿ ಶ್ರುತಿ ಮಾಡಿಕೊಳ್ಳುತ್ತಾರೆ. ತೊಂದರೆ ಏನೆಂದರೆ ಆ ಒಪ್ಪಿದ ಅಂಕಿಯಲ್ಲೇ ಒಮ್ಮತ ಇಲ್ಲ. ಸಲ್ಫೇಟಿನ ಶಿಖರವನ್ನು ಒಬ್ಬರು 2,481.5ರ ಹತ್ತಿರ ಬರೆದರೆ ಇನ್ನೊಬ್ಬರು 2,482.8ರ ಹತ್ತಿರ ಬರೆಯುತ್ತಾರೆ. ಶ್ರುತಿಗೆ ಒಬ್ಬರು ಶುದ್ಧ ಗಂಧಕ ಇಟ್ಟುಕೊಂಡರೆ, ಮತ್ತೊಬ್ಬರು ಜಿಪ್ಸಂ. ಕಾಗದ ಅಂಟಿಸುವ ಟೇಪಿನಲ್ಲೂ ಸಲ್ಫೇಟ್ ಇರುವುದರಿಂದ ಅದನ್ನೇ ಇಟ್ಟುಕೊಂಡವರೂ ಇದ್ದಾರೆ. ನಗಬೇಡಿ, ಅದು ಅಗ್ಗ, ಎಲ್ಲೆಡೆ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ.

ನನಗೆ ಮೆಚ್ಚಿಗೆಯಾದದ್ದು ಸೋಡಿಯಂ ಥಯೋಸಲ್ಫೇಟ್. ಹಳೆಯ ಫೋಟೊ ಸ್ಟುಡಿಯೋಗಳಲ್ಲಿ ಹೈಪೋ ಅಂತ ಕರೆಯುತ್ತಿದ್ದರಲ್ಲ, ಅದೇ. ಅದರ ಒಂದು ಅಣುವಿನಲ್ಲಿ ಎರಡು ಗಂಧಕ, ಎರಡಕ್ಕೂ ಬೇರೆ ಬೇರೆ ವೇಷ. ಮೊದಲ ಶಿಖರವನ್ನು 2,472.02 ಇವಿಗೆ ಕೂರಿಸುವುದು ಹಲವು ಕಡೆ ರೂಢಿ. ಎರಡನೆಯದು ಅಲ್ಲಿಂದ ಸಾಕಷ್ಟು ಬಲಕ್ಕೆ. ಒಂದೇ ಪುಡಿಯಲ್ಲಿ ಎರಡು ಗುರುತು ಸಿಕ್ಕರೆ, ಪಟ್ಟಿ ಪಕ್ಕಕ್ಕೆ ಸರಿದಿದೆಯಾ ಅನ್ನುವುದರ ಜೊತೆಗೆ ಹಿಗ್ಗಿದೆಯಾ, ಕುಗ್ಗಿದೆಯಾ ಅನ್ನುವುದೂ ಗೊತ್ತಾಗುತ್ತದೆ. ಒಂದೇ ಗುರುತಿನಿಂದ ಇದು ಗೊತ್ತಾಗುವುದಿಲ್ಲ.

ಆದ್ದರಿಂದ ಬೇರೆ ಬೇರೆ ಕಡೆಯ ರೋಹಿತಗಳನ್ನು ಹಾಗ್ಹಾಗೇ ತಂದು ಒಂದೇ ಲೆಕ್ಕದಲ್ಲಿ ಹಾಕಬೇಡಿ. ಎರಡೂ ಕಡೆ ಅಳೆದ ಒಂದು ಸಾಮಾನ್ಯ ವಸ್ತು ಇದೆಯಾ ನೋಡಿ. ಇದ್ದರೆ ಅದರಿಂದ ಶ್ರುತಿ ಸೇರಿಸಿ. ಇಲ್ಲದಿದ್ದರೆ ಆ ರೋಹಿತ ಕಣ್ಣಿಗೆ ನೋಡಲಷ್ಟೇ.

ಇನ್ನೊಂದು ಮೋಸ ಪುಡಿಯದು. ಶುದ್ಧ ಸಲ್ಫೇಟ್ ಪುಡಿಯ ದಪ್ಪ ಗುಪ್ಪೆಯನ್ನು ಪ್ರತಿದೀಪ್ತಿ ವಿಧಾನದಲ್ಲಿ ಅಳೆದರೆ, ಅಂದರೆ ಎಕ್ಸ್‌ರೇ ಬಿದ್ದಾಗ ಗಂಧಕ ಹೊರಬಿಡುವ ಕಿರಣವನ್ನು ಎಣಿಸಿದರೆ, ಶಿಖರ ಇರಬೇಕಾದಷ್ಟು ಎತ್ತರ ಬರುವುದಿಲ್ಲ. ಗಂಧಕ ಅಷ್ಟೊಂದು ಇರುವಾಗ ಕಿರಣ ಮೇಲ್ಮೈಯಲ್ಲೇ ಖರ್ಚಾಗಿ ಹೋಗುತ್ತದೆ. ತುದಿ ಕತ್ತರಿಸಿದ ಗುಡ್ಡದ ಹಾಗೆ ಕಾಣುತ್ತದೆ. ನಿಮ್ಮ ಗಾಜಿನಲ್ಲೋ ಗಂಧಕ ಸಾವಿರ ಪಿಪಿಎಂ, ಅಲ್ಲಿ ಈ ತೊಂದರೆ ಇಲ್ಲ, ಶಿಖರ ಪೂರ್ತಿ ಎತ್ತರ ಬರುತ್ತದೆ. ಮೊಂಡು ಶಿಖರದ ರೆಫರೆನ್ಸಿನಿಂದ ಚೂಪು ಶಿಖರವನ್ನು ಅಳೆದರೆ ಸಲ್ಫೇಟ್ ಇದ್ದದ್ದಕ್ಕಿಂತ ಜಾಸ್ತಿ ಅಂತ ಲೆಕ್ಕ ಬರುತ್ತದೆ. ಪುಡಿಯನ್ನು ಬೋರಾನ್ ನೈಟ್ರೈಡಿನಲ್ಲಿ ತೆಳುವಾಗಿ ಬೆರೆಸಿದ್ದರೋ, ಇಲ್ಲಾ ಹಾಗೇ ಬಳಿದಿದ್ದರೋ ಅನ್ನುವ ಒಂದು ಸಾಲಿಗೆ ಅಷ್ಟು ಬೆಲೆ.

ಎಲ್ಲಿ ಹುಡುಕುವುದು

ಇಎಸ್‌ಆರ್‌ಎಫ್‌ನ ಐಡಿ21 ಬೀಮ್‌ಲೈನ್ ಗಂಧಕದ ಸಂಯುಕ್ತಗಳದ್ದೇ ಒಂದು ರೋಹಿತ ಸಂಗ್ರಹವನ್ನು ಜಾಲದಲ್ಲಿ ಇಟ್ಟಿದೆ. ಖನಿಜ, ಲವಣ, ಸಾವಯವ ಗಂಧಕ ಎಲ್ಲ ಇದೆ. ನಾನು ಮೊದಲು ನೋಡುವುದು ಅದನ್ನೇ. ಮ್ಯಾಥ್ಯೂ ನ್ಯೂವಿಲ್ ಕಟ್ಟಿದ ಎಕ್ಸ್‌ಎಎಸ್ ಡೇಟಾ ಲೈಬ್ರರಿ ಹಲವು ಮೂಲವಸ್ತುಗಳಿಗೆ ಇದೆ. ಅದರಲ್ಲಿ ಕಡತದ ತಲೆಯಲ್ಲೇ ಯಾವ ಬೀಮ್‌ಲೈನ್, ಎಕ್ಸ್‌ರೇಯ ಶಕ್ತಿ ಆರಿಸಲು ಬಳಸಿದ ಹರಳು ಯಾವುದು, ಯಾವ ವಿಧಾನ ಅಂತ ಬರೆಯುವ ಎಕ್ಸ್‌ಡಿಐ ಎಂಬ ಶಿಸ್ತು ಇದೆ. ಮೇಲೆ ಹೇಳಿದ್ದೆಲ್ಲ ನೋಡಿದರೆ ಆ ನಾಲ್ಕು ಸಾಲು ರೋಹಿತದಷ್ಟೇ ಮುಖ್ಯ, ಅಲ್ವಾ? ಗ್ರೆನೋಬಲ್‌ನವರೇ ನಡೆಸುವ ಎಸ್‌ಎಸ್‌ಎಚ್‌ಎಡಿಇ, ಜಪಾನಿನ ಎನ್‌ಐಎಂಎಸ್ ಇಟ್ಟಿರುವ ಎಂಡಿಆರ್ ಸಂಗ್ರಹ ಇವೂ ಇವೆ. ಮೆಟೀರಿಯಲ್ಸ್ ಪ್ರಾಜೆಕ್ಟ್‌ನಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿದ ರೋಹಿತಗಳು ರಾಶಿ ಸಿಗುತ್ತವೆ. ಅವು ಯಾವ ಶಿಖರ ಯಾಕೆ ಬಂತು ಅಂತ ಅರ್ಥ ಮಾಡಿಕೊಳ್ಳಲು ಚೆನ್ನ, ಅಳೆಯಲು ಬೇಡ.

ಇವುಗಳಲ್ಲೆಲ್ಲ ಹುಡುಕಿದ ಮೇಲೆ ಒಂದು ನಿರಾಸೆ ಕಾದಿರುತ್ತದೆ. ಖನಿಜಗಳು ಬೇಕಾದಷ್ಟು, ಗಾಜು ಬಲು ವಿರಳ. ಕಾರಣ ಸರಳ. ಪೈರೋಟೈಟ್ ಅಂಗಡಿಯಲ್ಲೂ ಸಿಗುತ್ತದೆ. ಆಕ್ಸಿಜನ್ ಮಟ್ಟ ಹಿಡಿದಿಟ್ಟು ಬೇಯಿಸಿದ ಗಾಜು ಯಾರದೋ ಪಿಎಚ್‌ಡಿಯ ಎರಡು ವರ್ಷ. ಅದು ಪ್ರಬಂಧದ ಮೂರನೆಯ ಚಿತ್ರದಲ್ಲಿ ಒಂದು ತೆಳು ಗೆರೆಯಾಗಿ ಕೂತಿರುತ್ತದೆ. ಪ್ರಬಂಧಗಳ ಜೊತೆಗಿಡುವ ಪೂರಕ ಕಡತಗಳನ್ನು ಅದಕ್ಕೇ ಬಿಡದೆ ನೋಡಿ. ಈಚಿನ ವರ್ಷಗಳಲ್ಲಿ ಅಂಕಿಗಳನ್ನೇ ಹಾಕುವವರು ಜಾಸ್ತಿಯಾಗುತ್ತಿದ್ದಾರೆ.

ಚಿತ್ರದ ಗೆರೆಯ ಮೇಲೆ ಮೌಸ್ ಓಡಿಸಿ ಅಂಕಿ ತೆಗೆಯುವ ತಂತ್ರಾಂಶಗಳೂ ಇವೆ. ಶಿಖರ ಎಲ್ಲಿದೆ ಅಂತ ನೋಡಲು ಸಾಕು. ಪಾಲು ಲೆಕ್ಕ ಹಾಕಲು ಸಾಲದು. ಚಿತ್ರದಲ್ಲಿ ಸಾಮಾನ್ಯವಾಗಿ 2,465ರಿಂದ 2,490ರವರೆಗೆ ಮಾತ್ರ ತೋರಿಸಿರುತ್ತಾರೆ. ಎರಡು ರೋಹಿತಗಳನ್ನು ಒಂದೇ ಅಳತೆಗೆ ತರಬೇಕಾದರೆ ಶಿಖರದಾಚೆಯ ಬಯಲು ಬೇಕು, 2,520ರವರೆಗಾದರೂ ಗೆರೆ ಹೋಗಿರಬೇಕು. ಆ ಬಯಲಿನ ಎತ್ತರವನ್ನು ಒಂದು ಅಂತ ಇಟ್ಟುಕೊಂಡೇ ಉಳಿದದ್ದನ್ನೆಲ್ಲ ಅಳೆಯುವುದು.

ಗಾಜಿನ ಗಂಧಕ ಬರೀ ಜ್ವಾಲಾಮುಖಿಯವರ ಹುಚ್ಚು ಅಂದುಕೊಳ್ಳಬೇಡಿ. ಕಂದು ಬಣ್ಣದ ಔಷಧಿ ಬಾಟಲಿಗೆ ಆ ಬಣ್ಣ ಬರುವುದು ಕಬ್ಬಿಣದ ಪಕ್ಕದಲ್ಲಿ ಕೂತ ಸಲ್ಫೈಡಿನಿಂದ. ಮುಂಬೈನ ಬಿಎಆರ್‌ಸಿಯವರಿಗೆ ಇದು ಇನ್ನೂ ಗಂಭೀರ ವಿಷಯ. ಪರಮಾಣು ತ್ಯಾಜ್ಯವನ್ನು ಗಾಜಿನಲ್ಲಿ ಕರಗಿಸಿ ಹೂಳುವಾಗ, ತ್ಯಾಜ್ಯದಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ಮಾಮೂಲಿ ಬೋರೋಸಿಲಿಕೇಟ್ ಗಾಜು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರಿನಲ್ಲಿ ಕರಗುವ ಉಪ್ಪಿನ ಪದರವಾಗಿ ಮೇಲೆ ತೇಲುತ್ತದೆ. ಅದಕ್ಕಾಗಿ ಅವರು ಬೇರಿಯಂ ಸೇರಿಸಿದ ಬೋರೋಸಿಲಿಕೇಟ್ ಗಾಜನ್ನು ರೂಪಿಸಿದರು. ಇಂಥ ಗಾಜಿನಲ್ಲಿ ಸಲ್ಫೇಟ್ ಕರಗಿ ಕೂತಿದೆಯಾ, ಹರಳಾಗಿ ಬೇರೆಯಾಗಿದೆಯಾ ಅಂತ ನೋಡಲು ಶಿಖರದಾಚೆಯ ಅದೇ ಸಣ್ಣ ಏರಿಳಿತಗಳು ಉಪಯೋಗಕ್ಕೆ ಬರುತ್ತವೆ. ಇಲ್ಲಿ ಬೇರಿಯಂ ಸಲ್ಫೇಟಿನ ರೆಫರೆನ್ಸ್ ಜೇಬಿನಲ್ಲಿರಬೇಕು.

ಹೋಗುವ ಮುಂಚೆ ಒಂದು ಸಣ್ಣ ಎಚ್ಚರಿಕೆ. ಗಾಜಿನ ಚೂರನ್ನು ಹಿಡಿದಿಡುವ ಎಪಾಕ್ಸಿ ಅಂಟಿನಲ್ಲೂ ಗಂಧಕ ಇರಬಹುದು. ಕಿರಣದ ಅಂಚು ಅದನ್ನು ಮುಟ್ಟಿದರೆ ಅದರ ರೋಹಿತವೂ ನಿಮ್ಮ ಗಾಜಿನ ಹೆಸರಿನಲ್ಲಿ ಸೇರಿಕೊಳ್ಳುತ್ತದೆ. ಬೀಮ್‌ಲೈನಿಗೆ ಹೋದಾಗ ಬರೀ ಎಪಾಕ್ಸಿಯನ್ನೂ ಒಂದು ಸಲ ಅಳೆದು ಇಟ್ಟುಕೊಳ್ಳಿ. ಆ ರೆಫರೆನ್ಸನ್ನು ಯಾವ ಸಂಗ್ರಹವೂ ನಿಮಗೆ ಕೊಡುವುದಿಲ್ಲ.

ಗಾಜಿನ ರೋಹಿತ ಮಾತ್ರ ಕೊನೆಗೆ ಕೇಳಿಯೇ ಪಡೆಯಬೇಕು. ಪ್ರಬಂಧದ ಲೇಖಕರಿಗೆ ಮೇಲ್ ಬರೆಯಿರಿ, ಸಂಕೋಚ ಬೇಡ. ಹೆಚ್ಚಿನವರು ಖುಷಿಯಿಂದ ಕಳಿಸುತ್ತಾರೆ, ತಮ್ಮ ಎರಡು ವರ್ಷದ ಗಾಜನ್ನು ಯಾರೋ ಕೇಳಿದರಲ್ಲ ಅಂತ. "ನಿಮ್ಮ ಡೇಟಾ ಕಳಿಸಿ" ಅಂತ ಸುಮ್ನೆ ಬರೆಯಬೇಡಿ. ಯಾವ ಚಿತ್ರದ ಯಾವ ಗೆರೆ ಅಂತ ಹೇಳಿ. ತಿದ್ದದ ಮೂಲ ಅಂಕಿ ಕೇಳಿ. ಅದೇ ಪಾಳಿಯಲ್ಲಿ ಶ್ರುತಿಗೆಂದು ಅಳೆದ ವಸ್ತುವಿನ ರೋಹಿತವನ್ನೂ ಕೇಳಿ, ಅದನ್ನು ಯಾವ ಅಂಕಿಗೆ ಕೂರಿಸಿದ್ದರು ಅಂತಲೂ ಕೇಳಿ. ಗಾಜಿನ ಸಂಯೋಜನೆ, ಒಂದೇ ಜಾಗದಲ್ಲಿ ಎಷ್ಟು ಸಲ ಅಳೆದರು, ಮೊದಲ ಅಳತೆ ಪ್ರತ್ಯೇಕವಾಗಿ ಇದೆಯಾ ಅನ್ನುವುದು ಕೂಡ. ಮೊದಲ ಅಳತೆಯನ್ನು ಮರೆಯದೆ ಕೇಳಿ. ಹತ್ತು ಅಳತೆಯ ಸರಾಸರಿಯಲ್ಲಿ ಆ 2,478ರ ಭೂತ ಎಲ್ಲಿ ಹೊಕ್ಕಿತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.